ಒದ್ದೆಯಾಗದೆ ಸಮುದ್ರ ದಾಟೋ ದೋಣಿ: ಹಾಲ್‌ಬರ್ಗ್-ರಾಸಿ ಯಾರ್ಡಿನ ಕಥೆ

(ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ನಾವೊಂದಿಷ್ಟು ಕನ್ನಡದವರು ಸೇರಿದ್ದಾಗ ಆಡಿದ ಮಾತು ಇದು. ಬರೆದು ಹಾಕಿ ಅಂತ ಸುಮಾರು ಜನ ಕೇಳಿದ್ರು, ಹಾಗಾಗಿ ಮಾತಾಡಿದ ಥರಾನೇ ಬರೀತಾ ಇದೀನಿ, ಆಮೇಲೆ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಎಷ್ಟೋ ಜನ ಈ ಊರಿಗೆ ಬಂದಿದ್ದೇ ವೋಲ್ವೋ ಕೆಲಸಕ್ಕೆ, ಹಾಗಾಗಿ ಕಾರು ಟ್ರಕ್ಕು ಇಲ್ಲಿ ಹೆಂಗೆ ತಯಾರಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದ್ರೆ ಇಲ್ಲಿಂದ ಇ6 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗಿ, ಸ್ಟೇನುಂಗ್‌ಸುಂದ್ ಹತ್ರ ಎಡಕ್ಕೆ ತಿರುಗಿ, ಆ ಎತ್ತರದ ಸೇತುವೆ ದಾಟಿ ಶೋರ್ನ್ ದ್ವೀಪ, ಅಲ್ಲಿಂದ ಇನ್ನೊಂದು ಸೇತುವೆ ದಾಟಿದ್ರೆ ಒರುಸ್ಟ್ ಅನ್ನೋ ದ್ವೀಪ ಸಿಗುತ್ತೆ. ಅದರ ಪಶ್ಚಿಮದ ಅಂಚಲ್ಲಿ ಎಲ್ಲೋಸ್ ಅಂತ ಒಂದು ಸಣ್ಣ ಊರಿದೆ. ಪ್ರಪಂಚದ ಯಾವ ಬಂದರಿಗೆ ಬೇಕಾದ್ರೂ ಹೋಗಿ, ಲಾಂಗ್ ಡಿಸ್ಟನ್ಸ್ ಸೇಲಿಂಗ್ ಮಾಡೋರ ಹತ್ರ ಎಲ್ಲೋಸ್ ಅಂತ ಹೇಳಿ, ತಕ್ಷಣ ಹಾಲ್‌ಬರ್ಗ್-ರಾಸಿ ಅಂತಾರೆ, ಅಲ್ಲಿ ಹಾಯಿದೋಣಿ ಕಟ್ಟೋ ಯಾರ್ಡಿನ ಹೆಸರು ಅದು. ಬಿಳಿ ದೋಣಿ, ಪಕ್ಕದಲ್ಲಿ ನೀಲಿ ಗೆರೆ, ಮೇಲೆ ತೇಗದ ಡೆಕ್, ಮಧ್ಯದಲ್ಲಿ ಒಂದು ಗಾಜಿನ ವಿಂಡ್‌ಸ್ಕ್ರೀನ್. ನಾನು ಇವತ್ತು ಮಾತಾಡೋದು ಮುಖ್ಯವಾಗಿ ಆ ಗಾಜಿನ ಬಗ್ಗೆ, ಯಾಕಂದ್ರೆ ಯಾರ್ಡ್ ನಡೆಸೋ ರಾಸಿ ಕುಟುಂಬ ಅರವತ್ತು ವರ್ಷದಿಂದ ಏನು ನಂಬಿಕೊಂಡು ದೋಣಿ ಕಟ್ಟುತ್ತಾ ಇದೆ ಅನ್ನೋದೆಲ್ಲ ಅದರಲ್ಲೇ ಇದೆ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಜಾಗದ ಬಗ್ಗೆ ಸ್ವಲ್ಪ. ಬೂಹುಸ್‌ಲೆನ್ ಅಂತ ಕರೆಯೋ ಈ ಕರಾವಳಿ ಪೂರ್ತಿ ಬೋಳು ಬಂಡೆ, ವ್ಯವಸಾಯಕ್ಕೆ ಸಿಗೋ ಮಣ್ಣು ಕಮ್ಮಿ, ಜನ ಬದುಕಿದ್ದು ಮೀನಿಂದ. 1747ರಿಂದ 1809ರ ತನಕ ಇಲ್ಲಿ ಹೆರಿಂಗ್ ಮೀನಿನ ಸುಗ್ಗಿ, ನಮ್ಮ ಭೂತಾಯಿಗೆ ದಾಯಾದಿ ಆಗೋ ಮೀನು ಅದು, ಎಷ್ಟು ಬಂತು ಅಂದ್ರೆ ತಿಂದು ಉಪ್ಪು ಹಾಕಿ ಮಿಕ್ಕಿದ್ದನ್ನ ಬೇಯಿಸಿ ದೀಪದ ಎಣ್ಣೆ ತೆಗೆದು ಹೊರದೇಶಕ್ಕೆ ಕಳಿಸ್ತಿದ್ರು. ಮೀನು ಇದ್ದ ಕಡೆ ದೋಣಿ ಬೇಕು, ದೋಣಿ ಬೇಕಾದ ಕಡೆ ಬಡಗಿ ಬೇಕು. ಸುಗ್ಗಿ ಮುಗೀತು, ಮೀನು ಹೋಯ್ತು, ಆದ್ರೆ ದೋಣಿ ಕಟ್ಟೋ ಕೈಗಳು ಒರುಸ್ಟ್‌ನಲ್ಲೇ ಉಳಿದ್ವು, ಅಪ್ಪನಿಂದ ಮಗನಿಗೆ ಬರ್ತಾ ಬಂದ್ವು.

ಆ ಕೈಗಳಲ್ಲಿ ಒಂದು ಹ್ಯಾರಿ ಹಾಲ್‌ಬರ್ಗ್ ಅವರದ್ದು. 1943ರಲ್ಲಿ ಒರುಸ್ಟ್‌ನ ಕುಂಗ್ಸ್‌ವೀಕೆನ್ ಅನ್ನೋ ಕಡಲ ಕೊಲ್ಲಿಯಲ್ಲಿ ಸ್ವಂತ ಯಾರ್ಡ್ ಶುರು ಮಾಡ್ತಾರೆ. ಸುತ್ತಲೂ ಯುದ್ಧ, ಸ್ವೀಡನ್ ಮಾತ್ರ ತಟಸ್ಥ. ಆಗ ಫೋಕ್‌ಬೋಟ್ ಅಂತ ಒಂದು ಹೊಸ ದೋಣಿ ಬಂದಿತ್ತು, ಮಧ್ಯಮ ವರ್ಗದ ಜನಕ್ಕೂ ಕೈಗೆಟುಕೋ ಥರದ ಹಾಯಿದೋಣಿ ಬೇಕು ಅಂತ ಸ್ಪರ್ಧೆ ಇಟ್ಟು ಅದರಿಂದ ಹುಟ್ಟಿದ ಡಿಸೈನು, ಸುಮಾರು ಏಳೂವರೆ ಮೀಟರ್ ಉದ್ದ, ಹಲಗೆ ಮೇಲೆ ಹಲಗೆ ಅಂಚು ಹೊಂದಿಸಿ ಜೋಡಿಸಿದ್ದು. ಅದರ ಮೊದಲನೇ ದೋಣಿ 1942ರಲ್ಲಿ ನೀರಿಗಿಳಿದಿದ್ದು ನಾವೀಗ ಕೂತಿರೋ ಇದೇ ಊರಲ್ಲಿ. ಹಾಲ್‌ಬರ್ಗ್ ಫೋಕ್‌ಬೋಟ್ ಕಟ್ಟೋಕೆ ಶುರು ಮಾಡಿದ್ರು, 1950ರ ದಶಕದಲ್ಲಿ ಅಮೆರಿಕಾಕ್ಕೂ ಕಳಿಸಿದ್ರು. ಅವರ ಹೆಚ್ಚುಗಾರಿಕೆ ಏನಪ್ಪಾ ಅಂದ್ರೆ, ಒಬ್ಬ ಗಿರಾಕಿ ಬಂದು ಹೇಳಿದ್ದನ್ನ ಒಂದೊಂದೇ ಕಟ್ಟಿ ಕೊಡೋ ಬದಲು ಒಂದೇ ಡಿಸೈನನ್ನ ಸೀರೀಸ್ ಆಗಿ ಕಟ್ಟೋದು, ಇವತ್ತು ಇದರಲ್ಲಿ ಏನಿದೆ ಅನ್ಸುತ್ತೆ, ಮರದ ದೋಣಿ ಕಾಲದಲ್ಲಿ ಅದು ದೊಡ್ಡ ವಿಷಯ. ಆಮೇಲೆ 1963ರಲ್ಲಿ ಪಿ-28 ಅನ್ನೋ ದೋಣಿಗೆ ಅವರು ಫೈಬರ್‌ಗ್ಲಾಸ್ ಹಲ್ ಹಾಕಿದ್ರು, ಅಂದ್ರೆ ನೀರಲ್ಲಿ ಕೂರೋ ಒಡಲು ಫೈಬರ್‌ಗ್ಲಾಸ್, ಮೇಲಿನ ಕ್ಯಾಬಿನ್ ಮಾತ್ರ ಇನ್ನೂ ಮಹಾಗನಿ. ಅಷ್ಟು ವರ್ಷ ಮರ ಕೆತ್ತಿದ ಮನುಷ್ಯ ಹೊಸ ಸಾಮಾನಿಗೆ ಅಷ್ಟು ಬೇಗ ಹೋದದ್ದು ನನಗೆ ಈಗಲೂ ತುಂಬ ಇಷ್ಟ ಆಗೋ ವಿಷಯ.

ಈಗ ಎರಡನೇ ಮನುಷ್ಯ. ಕ್ರಿಸ್ಟೋಫ್ ರಾಸಿ, ಜರ್ಮನಿಯ ದಕ್ಷಿಣದ ಬವೇರಿಯಾದವರು, ಸಮುದ್ರಕ್ಕೂ ಆ ಪ್ರಾಂತ್ಯಕ್ಕೂ ಸಂಬಂಧವೇ ಇಲ್ಲ, ಸರೋವರ ಮತ್ತೆ ಬೆಟ್ಟ. ದೋಣಿ ಕಟ್ಟೋ ಕಸುಬು ಕಲ್ತು ಸ್ವೀಡನ್‌ಗೆ ಬಂದ್ರು. ಹಾಲ್‌ಬರ್ಗ್‌ಗೆ ಕುಂಗ್ಸ್‌ವೀಕೆನ್ ಜಾಗ ಸಾಲದೆ ಎಲ್ಲೋಸ್‌ಗೆ ಹೋದಾಗ, 1965ರಲ್ಲಿ, ಬಿಟ್ಟು ಹೋದ ಆ ಹಳೇ ಯಾರ್ಡನ್ನ ತಗೊಂಡವರು ಇದೇ ರಾಸಿ. ಅಂದ್ರೆ ಇಬ್ಬರೂ ಒಂದೇ ದ್ವೀಪದಲ್ಲಿ ಬೇರೆ ಬೇರೆ ಯಾರ್ಡ್ ನಡೆಸ್ತಿದ್ರು. ಕಂಪನಿ ಹೆಸರು ನೋಡಿ ಇಬ್ಬರೂ ಪಾರ್ಟ್‌ನರ್ಸ್ ಅಂದ್ಕೊಳ್ಳೋರು ತುಂಬ ಜನ, ಆದ್ರೆ ಅವರಿಬ್ಬರು ಯಾವತ್ತೂ ಪಾರ್ಟ್‌ನರ್ಸ್ ಆಗಿರಲಿಲ್ಲ.

1967ರಲ್ಲಿ ರಾಸಿ ಯಾರ್ಡಿಂದ ರಾಸ್ಮುಸ್ 35 ಬಂತು. 35 ಅಂದ್ರೆ ಅಡಿ ಲೆಕ್ಕ, ಹತ್ತೂವರೆ ಮೀಟರ್. ಡಿಸೈನರ್ ಉಲ್ಲೆ ಎಂಡರ್ಲೈನ್, ಸ್ವೀಡಿಷ್. ಈ ದೋಣಿ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಆ ಕಾಲದಲ್ಲಿ ಹಾಯಿದೋಣಿ ಅಂದ್ರೆ ಚುಕ್ಕಾಣಿ ಹಿಡಿಯೋನು ಹಿಂಭಾಗದಲ್ಲಿ, ಪೂರ್ತಿ ಬಯಲಲ್ಲಿ ಕೂರೋನು. ಮುಂದಿಂದ ಅಲೆ ಒಡೆದು ಬಂದ ನೀರೆಲ್ಲ ನೇರವಾಗಿ ಮುಖಕ್ಕೆ. ಅದನ್ನ ತಡ್ಕೊಳ್ಳೋದೇ ಗಂಡಸುತನ, ತಡ್ಕೊಳ್ಳೋಕಾಗದಿದ್ರೆ ಮನೇಲಿರು ಅನ್ನೋ ಧೋರಣೆ. ರಾಸ್ಮುಸ್ 35 ಇದನ್ನ ಒಪ್ಪಲಿಲ್ಲ. ಕಾಕ್‌ಪಿಟ್ಟನ್ನ, ಅಂದ್ರೆ ಚುಕ್ಕಾಣಿ ಹಿಡಿಯೋನು ಕೂರೋ ಜಾಗಾನ, ಹಿಂಭಾಗದಿಂದ ತೆಗೆದು ದೋಣಿ ಮಧ್ಯಕ್ಕೆ ತಂದ್ರು, ಅದರ ಮುಂದೆ ಗಟ್ಟಿ ಗಾಜಿನ ವಿಂಡ್‌ಸ್ಕ್ರೀನ್ ನಿಲ್ಸಿದ್ರು, ಹಿಂದೆ ಖಾಲಿಯಾದ ಜಾಗದಲ್ಲಿ ಮಲಗೋಕೆ ಒಂದು ಪ್ರತ್ಯೇಕ ಕ್ಯಾಬಿನ್ ಮಾಡಿದ್ರು, ಕಾಕ್‌ಪಿಟ್ ಕೆಳಗೆ ಆ ಗಾತ್ರದ ಹಾಯಿದೋಣಿಗೆ ಸಾಮಾನ್ಯವಾಗಿ ಹಾಕೋದಕ್ಕಿಂತ ದೊಡ್ಡ ಡೀಸೆಲ್ ಎಂಜಿನ್ ಇಟ್ರು. ರೇಸ್ ಮಾಡೋರು ಇದನ್ನ ಮೆಚ್ಚೋ ಹಾಗೇ ಇರಲಿಲ್ಲ. ತೂಕ ಜಾಸ್ತಿ, ಗಾಳಿಗೆ ಅಡ್ಡ ನಿಲ್ಲೋ ಭಾಗ ಜಾಸ್ತಿ.

ಆದ್ರೆ ಯೋಚನೆ ಮಾಡಿ, ಹೆಂಡತಿ ಮಕ್ಕಳನ್ನ ಕರ್ಕೊಂಡು ಎಲ್ಲೋಸ್‌ನಿಂದ ನಾರ್ವೇಗೋ ಸ್ಕಾಟ್‌ಲೆಂಡ್‌ಗೋ ಹೊರಟವನಿಗೆ ಏನು ಬೇಕು? ಜೂನ್ ತಿಂಗಳಲ್ಲೂ ಈ ಕಡಲ ನೀರು ಎಷ್ಟು ತಣ್ಣಗಿರುತ್ತೆ ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು. ಊರಲ್ಲಿ ಜುಲೈ ಮಳೇಲಿ ರೈನ್‌ಕೋಟ್ ಇಲ್ಲದೆ ಘಾಟಿ ರಸ್ತೇಲಿ ಬೈಕ್ ಓಡಿಸಿದವರಿಗೆ ಗೊತ್ತಿರುತ್ತೆ, ಮೊದಲು ಬೆರಳು ಮರಗಟ್ಟುತ್ತೆ, ಆಮೇಲೆ ಬುದ್ಧಿ ಮಂದ ಆಗುತ್ತೆ, ತಿರುವು ಹತ್ರ ಬಂದ ಮೇಲೆ ಬ್ರೇಕ್ ಹಿಡೀತೀವಿ. ಸಮುದ್ರದಲ್ಲಿ ಇದೇ ಆಗೋದು. ಎಂಟು ಗಂಟೆ ಒದ್ದೆಯಾಗಿ ನಡುಗುತ್ತಾ ಕೂತವನು ಚಾರ್ಟ್ ತಪ್ಪಾಗಿ ಓದ್ತಾನೆ, ಲೈಟ್‌ಹೌಸ್ ದೀಪ ಎಣಿಸೋದು ತಪ್ಪಿಸ್ತಾನೆ, ಹಾಯಿ ಇಳಿಸಬೇಕಾದ ಹೊತ್ತಲ್ಲಿ ಇನ್ನೂ ಸ್ವಲ್ಪ ಹೊತ್ತು ನೋಡೋಣ ಅಂತಾನೆ. ದೋಣಿ ಎಷ್ಟೇ ಗಟ್ಟಿ ಇರಲಿ, ನಡೆಸೋನು ಸುಸ್ತಾದ ಮೇಲೆ ಅದು ಸೇಫ್ ಅಲ್ಲ. ಹಾಗಾಗಿ ಆ ಗಾಜು ಐಷಾರಾಮಿಗೆ ಇಟ್ಟಿದ್ದಲ್ಲ, ಅದು ಸೇಫ್ಟಿ ಸಾಮಾನು. ದೊಡ್ಡ ಎಂಜಿನ್ ಕೂಡ ಅಷ್ಟೇ, ಗಾಳಿ ಎದುರು ಬಂದು ಬಂಡೆ ಕಡೆ ತಳ್ಳಿದಾಗ ಅದೇ ಕಾಪಾಡೋದು. ರಾಸ್ಮುಸ್ 35 ಒಟ್ಟು 760 ದೋಣಿ ಕಟ್ಟಿದ್ರು, 1978ರ ತನಕ. ಅಷ್ಟು ಕುಟುಂಬಗಳು ಇದನ್ನ ಒಪ್ಪಿಕೊಂಡ್ರು ಅಂತ ಅರ್ಥ.

1972ರಲ್ಲಿ ಹಾಲ್‌ಬರ್ಗ್ ರಿಟೈರ್ ಆಗೋಕೆ ನಿರ್ಧಾರ ಮಾಡಿದ್ರು, ಎಲ್ಲೋಸ್ ಯಾರ್ಡನ್ನ ಕೊಂಡುಕೊಂಡವರು ರಾಸಿ. ಹೊರಗಿಂದ ಬಂದು ಹಳೇ ಯಾರ್ಡಲ್ಲಿ ಶುರು ಮಾಡಿದವನು ಏಳು ವರ್ಷಕ್ಕೆ ಇಡೀ ಕಂಪನಿ ಕೊಂಡ. ತನ್ನ ಹೆಸರೊಂದನ್ನೇ ಬೋರ್ಡಿಗೆ ಹಾಕ್ಕೋಬಹುದಿತ್ತು, ಹಾಕಲಿಲ್ಲ, ಹಾಲ್‌ಬರ್ಗ್ ಅನ್ನೋ ಹೆಸರಿಗೆ ಮಾರ್ಕೆಟಲ್ಲಿ ಬೆಲೆ ಇತ್ತು, ಅದನ್ನ ಮುಂದಿಟ್ಟು ತನ್ನದನ್ನ ಹಿಂದೆ ಸೇರಿಸಿದ್ರು. ಕೊಂಡ ಮಾರನೇ ವರ್ಷವೇ, 1973ರಲ್ಲಿ, ತೈಲ ಬಿಕ್ಕಟ್ಟು. ಫೈಬರ್‌ಗ್ಲಾಸ್ ದೋಣಿಗೆ ಬೇಕಾದ ರೆಸಿನ್ ಅನ್ನೋ ಅಂಟು ಬರೋದೇ ಪೆಟ್ರೋಲಿಯಂನಿಂದ, ಎಲ್ಲ ಕಡೆ ಅದರ ರೇಟು ಏರಿತು, ಜನ ಕೂಡ ಕೈ ಬಿಗಿ ಹಿಡಿದ್ರು. ಆ ಹೊತ್ತಿನಲ್ಲಿ 1974ಕ್ಕೆ ಇವರು ತಂದಿದ್ದು ಮೊನ್ಸೂನ್ 31, ಇದೂ ಎಂಡರ್ಲೈನ್ ಡಿಸೈನು, ಒಂಬತ್ತೂವರೆ ಮೀಟರಿನ ಚಿಕ್ಕ ದೋಣಿ, ಆದ್ರೆ ಸಾಗರ ದಾಟೋಕೆ ಸಾಕು. 1982ರ ತನಕ 904 ದೋಣಿ. ಇವತ್ತಿಗೂ ಈ ಕಂಪನಿಯ ಬೇರೆ ಯಾವ ಮಾಡಲ್ಲೂ ಆ ಸಂಖ್ಯೆ ದಾಟಿಲ್ಲ. ಐವತ್ತು ವರ್ಷ ಹಳೇದಾದ ಮೊನ್ಸೂನ್ ತಗೊಂಡು ಈಗಲೂ ಜನ ಅಟ್ಲಾಂಟಿಕ್ ದಾಟ್ತಾರೆ, ಭೂಮಿ ಸುತ್ತಿ ಬಂದಿರೋ ಮೊನ್ಸೂನ್‌ಗಳೂ ಇವೆ.

1978ರಲ್ಲಿ ರಾಸ್ಮುಸ್ ಜಾಗಕ್ಕೆ 352 ಅನ್ನೋ ಮಾಡಲ್ ಬಂತು. ಇದರ ವಿಶೇಷ, ಮುಂದಿನ ಸಲೂನ್‌ನಿಂದ, ಅಂದ್ರೆ ಕೂರೋ ಕೋಣೆಯಿಂದ, ಹಿಂದಿನ ಕ್ಯಾಬಿನ್‌ಗೆ ಒಳಗಿಂದಲೇ ದಾರಿ. ಡೆಕ್ ಮೇಲೆ ಹತ್ತಿ ಇಳಿಯಬೇಕಾಗಿಲ್ಲ. ಕೇಳೋಕೆ ಸಣ್ಣ ವಿಷಯ, ಆದ್ರೆ ರಾತ್ರಿ ಮಳೆ ಹೊಡೀತಾ ಇದ್ದಾಗ ಹಿಂದೆ ಮಲಗಿರೋ ಮಗು ಅಳ್ತು ಅಂದ್ರೆ ತಾಯಿ ಲೈಫ್‌ಜಾಕೆಟ್ ಹಾಕ್ಕೊಂಡು ಹೊರಗೆ ಬಂದು ಹೋಗಬೇಕಾ, ಅಥವಾ ಬರಿಗಾಲಲ್ಲಿ ನಡ್ಕೊಂಡು ಹೋಗಬಹುದಾ ಅನ್ನೋ ವ್ಯತ್ಯಾಸ ಅದು. 1991ರ ತನಕ 802 ದೋಣಿ. ಜರ್ಮನಿ ಇವರ ದೊಡ್ಡ ಮಾರ್ಕೆಟ್ಟು. 1982ರಲ್ಲಿ ಸ್ವೀಡನ್ ಸರ್ಕಾರ ತನ್ನ ಕರೆನ್ಸಿ ಕ್ರೋನಾದ ಬೆಲೆನ ಒಂದೇ ಸಲ 16% ಇಳಿಸಿದಾಗ ಇಲ್ಲಿಂದ ಹೊರಗೆ ಮಾರೋರಿಗೆಲ್ಲ ಅನುಕೂಲ ಆಯ್ತು, ದೋಣಿಯವರಿಗೂ.

ಈ ದೋಣಿ ಕಟ್ಟೋದು ಹೆಂಗೆ ಅಂತ ನೀವೇ ನೋಡಬಹುದು, ಆಗಸ್ಟ್ ಕೊನೇಲಿ ಒರುಸ್ಟ್‌ನಲ್ಲಿ ಯಾರ್ಡ್‌ಗಳ ಬಾಗಿಲು ಸಾರ್ವಜನಿಕರಿಗೆ ತೆಗೀತಾರೆ. ಮೊದಲು ಅಚ್ಚು. ಅದರ ಒಳಮೈಗೆ ಹೊಳಪು ಹಚ್ಚಿ ಜೆಲ್‌ಕೋಟ್ ಅನ್ನೋ ಪದರ, ನಾವು ಹೊರಗಿಂದ ನೋಡೋ ಬಿಳಿ ಮೈ ಅದೇ. ಅದರ ಮೇಲೆ ಗಾಜಿನ ನಾರಿನ ಹಾಸು, ರೆಸಿನ್, ಮತ್ತೆ ಹಾಸು, ಮತ್ತೆ ರೆಸಿನ್, ಪ್ರತಿ ಪದರಾನೂ ರೋಲರ್ ಹಾಕಿ ಗಾಳಿ ಗುಳ್ಳೆ ಹೊರಗೆ ತಳ್ತಾರೆ, ಒಂದು ಗುಳ್ಳೆ ಉಳಿದ್ರೂ ಇಪ್ಪತ್ತು ವರ್ಷ ಆದ್ಮೇಲೆ ಅಲ್ಲೇ ತೊಂದರೆ. ಪದರಗಳ ಮಧ್ಯೆ ಗಟ್ಟಿ ಫೋಮ್ ಇಡ್ತಾರೆ, ಡಿವಿನಿಸೆಲ್ ಅಂತ, ಅದೂ ಸ್ವೀಡನ್ನಿಂದಾನೇ, ಅದರಿಂದ ಹಲ್ ಬಿಗಿಯಾಗುತ್ತೆ, ಚಳಿ ಒಳಗೆ ಬರಲ್ಲ, ಗೋಡೆ ಬೆವರಲ್ಲ. ಆಮೇಲೆ ಡೆಕ್ ಮುಚ್ಚೋ ಮೊದಲೇ ಒಳಗಿನ ಮರದ ಕೆಲಸ ಇಳಿಸ್ತಾರೆ.

ಕೊನೆಗೆ ಡೆಕ್ ಕೂರಿಸೋದು. ಎಷ್ಟೋ ಕಂಪನಿಗಳು ಡೆಕ್ಕನ್ನ ಹಲ್‌ಗೆ ಬೋಲ್ಟ್ ಹಾಕಿ, ಮಧ್ಯೆ ಅಂಟು ಹಚ್ಚಿ ಮುಗಿಸ್ತಾರೆ. ಇಲ್ಲಿ ಒಳಗಡೆಯಿಂದ ಸುತ್ತಲೂ ಫೈಬರ್‌ಗ್ಲಾಸ್ ಹಾಕಿ ಎರಡನ್ನೂ ಒಂದೇ ಮಾಡ್ತಾರೆ, ಒಳಗಿನ ಅಡ್ಡಗೋಡೆಗಳನ್ನೂ ಹಲ್‌ಗೂ ಡೆಕ್‌ಗೂ ಹಾಗೇ ಸೇರಿಸ್ತಾರೆ. ಇದನ್ನ ಮಾಡೋ ಮನುಷ್ಯ ಕಪಾಟು ಮೂಲೆ ಎಲ್ಲ ಕಡೆ ನುಗ್ಗಿ, ಬೆನ್ನು ಮೇಲೆ ಮಲಗಿ, ತಲೆ ಮೇಲಿನ ಸಂದಿಗೆ ರೆಸಿನ್ ಹಚ್ಚಬೇಕು. ಗಿರಾಕಿ ಕಣ್ಣಿಗೆ ಇದು ಯಾವತ್ತೂ ಬೀಳಲ್ಲ. ಡೆಕ್ ಸೋರಲ್ಲ, ಅಲೆ ಮೇಲೆ ಬಿದ್ದಾಗ ಕಿರುಗುಟ್ಟಲ್ಲ, ಅಷ್ಟೇ ಗೊತ್ತಾಗೋದು.

ಒಳಗೆ ಇಳಿದು ನಿಂತ್ರೆ ಮಹಾಗನಿ. ವಾರ್ನಿಷ್ ಹಚ್ಚಿ ಉಜ್ಜಿ ಮತ್ತೆ ಹಚ್ಚಿ, ಕನ್ನಡಿ ಥರ ಹೊಳೆಯಲ್ಲ, ರೇಷ್ಮೆ ಮೈ ಬಂದಿರುತ್ತೆ. ಕೈ ಆಡಿಸಿ ನೋಡಿ, ಒಂದೂ ಚೂಪು ಮೂಲೆ ಸಿಗಲ್ಲ, ದೋಣಿ ಹೊಯ್ದಾಡಿದಾಗ ಸೊಂಟ ತಗುಲೋದು ಆ ಮೂಲೆಗೇ ಅಂತ ಎಲ್ಲಾನೂ ಉರುಟು ಮಾಡಿರ್ತಾರೆ. ಮೇಜಿನ ಸುತ್ತ ಅಂಚು ಎತ್ತರ, ತಟ್ಟೆ ಜಾರಲ್ಲ. ಒಲೆ ತೂಗುಕೊಕ್ಕೆ ಮೇಲೆ ನಿಂತಿರುತ್ತೆ, ದೋಣಿ ಎಷ್ಟು ವಾಲಿದ್ರೂ ಪಾತ್ರೆ ನೆಟ್ಟಗೆ. ಮೆಟ್ಟಿಲಿಂದ ಮುಂದಿನ ಕ್ಯಾಬಿನ್ ತನಕ ಕೈ ಚಾಚಿದ ಕಡೆಯೆಲ್ಲ ಹಿಡ್ಕೊಳ್ಳೋಕೆ ಒಂದು ಹಿಡಿ ಇರುತ್ತೆ. ಮೇಲೆ ಗಾಜು ಇಟ್ಟ ಯೋಚನೇನೇ ಕೆಳಗೂ ಇದೆ: ಒಳಗಿರೋ ಮನುಷ್ಯನಿಗೆ ಪೆಟ್ಟಾಗಬಾರದು, ಆಯಾಸ ಆಗಬಾರದು.

ಡಿಸೈನರ್ ವಿಷಯಕ್ಕೆ ಬರ್ತೀನಿ. ಎಂಡರ್ಲೈನ್ 1980ರ ದಶಕದ ಕೊನೆ ತನಕ ಇದ್ರು. ಆಮೇಲೆ ಅರ್ಜೆಂಟೀನಾದ ಹೆರ್ಮಾನ್ ಫ್ರೆರ್ಸ್. ಇವರ ತಂದೆಯೂ ಬ್ಯೂನಸ್ ಐರಿಸ್‌ನಲ್ಲಿ ಯಾಟ್ ಡಿಸೈನರ್, ಮಗನೂ ಅದೇ ಕಸುಬು. ಫ್ರೆರ್ಸ್ ಹೆಸರು ಮಾಡಿದ್ದು ಜೋರಾಗಿ ಓಡೋ ರೇಸ್ ದೋಣಿಗಳಲ್ಲಿ. ಹಳೇ ಗಿರಾಕಿಗಳಿಗೆ ಹೆದರಿಕೆ ಆಗಿದ್ರೂ ಆಶ್ಚರ್ಯ ಇಲ್ಲ. 1989ರ ಹೊತ್ತಿಗೆ ಅವರ ಡಿಸೈನಿನ 45 ಮತ್ತೆ 36 ಅನ್ನೋ ಮಾಡಲ್ ಬಂದ್ವು, ನೀರಿನ ಮಟ್ಟದಲ್ಲಿ ಉದ್ದ ಜಾಸ್ತಿ, ಅಡಿಭಾಗ ಅಷ್ಟು ಆಳ ಇಲ್ಲ, ಓಟ ಜಾಸ್ತಿ. ಆದ್ರೆ ನೀಲಿ ಗೆರೆ ಹಾಗೇ, ಗಾಜು ಹಾಗೇ, ಮಹಾಗನಿ ಹಾಗೇ. ಅಲ್ಲಿಂದ ಇಲ್ಲಿ ತನಕ ಫ್ರೆರ್ಸ್ ಅವರೇ. ಅರವತ್ತು ವರ್ಷದ ಹತ್ರ ಹತ್ರ ಇಬ್ಬರೇ ಮುಖ್ಯ ಡಿಸೈನರು! ನಾಲ್ಕು ವರ್ಷಕ್ಕೊಂದು ಹೊಸ ಹೆಸರು ತಂದು ಪೋಸ್ಟರ್ ಹಾಕೋ ಈ ವ್ಯಾಪಾರದಲ್ಲಿ ಇದು ಮನೆಯವರೇ ಒಡೆಯರಾಗಿದ್ದರಿಂದ ಮಾತ್ರ ಆಗೋ ಮಾತು ಅನ್ಸುತ್ತೆ ನಂಗೆ.

ಯಾಕೆ ಹಾಗೆ ಹೇಳ್ತೀನಿ ಅನ್ನೋಕೆ ಪಕ್ಕದ ಒಂದು ಉದಾಹರಣೆ. ರಾಸಿ ಬಿಟ್ಟು ಬಂದ ಅದೇ ಬವೇರಿಯಾದಲ್ಲಿ, ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಗೀಬೆಲ್‌ಸ್ಟಾಟ್ ಊರಲ್ಲಿ, 1978ರಲ್ಲಿ ಬವೇರಿಯಾ ಯಾಟ್ಸ್ ಶುರುವಾಯ್ತು. ಅಸೆಂಬ್ಲಿ ಲೈನ್, ಕಮ್ಮಿ ರೇಟು, ವರ್ಷಕ್ಕೆ ಸಾವಿರಗಟ್ಟಲೆ ದೋಣಿ. ಮಧ್ಯಮ ವರ್ಗದವರನ್ನ ಕಡಲಿಗೆ ಇಳಿಸಿದ ಕಂಪನಿ ಅದು, ಅದಕ್ಕೆ ನನಗೆ ಗೌರವ ಇದೆ. 2007ರಲ್ಲಿ ಅದನ್ನ ಬೈನ್ ಕ್ಯಾಪಿಟಲ್ ಅನ್ನೋ ಪ್ರೈವೇಟ್ ಇಕ್ವಿಟಿ ಸಂಸ್ಥೆ 130 ಕೋಟಿ ಯೂರೋ ಆಸುಪಾಸಿಗೆ ಕೊಂಡುಕೊಳ್ತು ಅಂತ ಸುದ್ದಿ ಬಂತು. ಮಾರನೇ ವರ್ಷ ಆರ್ಥಿಕ ಕುಸಿತ, ಯಾಟ್ ಅನ್ನೋದು ಜನ ಮೊದಲು ಕೈಬಿಡೋ ಖರ್ಚು, ಆರ್ಡರ್ ನಿಂತ್ವು, ಕೊಳ್ಳೋಕೆ ಮಾಡಿದ್ದ ಸಾಲ ಉಳೀತು. 2009ಕ್ಕೆ ಸಾಲ ಕೊಟ್ಟವರ ಕೈಗೆ ಹೋಯ್ತು, 2018ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯ್ತು, ಆಮೇಲೆ ಇನ್ನೊಬ್ಬರು ತಗೊಂಡ್ರು.

ಒರುಸ್ಟ್‌ಗೂ ಅದೇ ಪೆಟ್ಟು ಬಿತ್ತು. 1971ರಲ್ಲಿ ಇದೇ ದ್ವೀಪದಲ್ಲಿ ಶುರುವಾಗಿದ್ದ ನಯಾದ್, ತುಂಬ ಒಳ್ಳೇ ದೋಣಿ ಕಟ್ಟೋರು, 2011ರಲ್ಲಿ ದಿವಾಳಿ ಆಯ್ತು. ಇದು ಕೈಕೆಲಸ ಕೆಟ್ಟು ಆಗಿದ್ದಲ್ಲ, ನಯಾದ್ ಒಳಗೆ ಹೋಗಿ ನೋಡಿದವರಿಗೆ ಗೊತ್ತು, ಆ ಮರದ ಕೆಲಸ ಎಲ್ಲೋಸ್‌ನವರದ್ದಕ್ಕೆ ಯಾವ ಲೆಕ್ಕದಲ್ಲೂ ಕಮ್ಮಿ ಇರಲಿಲ್ಲ. ಅದನ್ನ ನೆನೆದ್ರೆ ನನಗೆ ಬೇಜಾರಾಗುತ್ತೆ. ಹಾಲ್‌ಬರ್ಗ್-ರಾಸಿ ಮಾತ್ರ ಅದೇ ಮನೆಯವರ ಕೈಯಲ್ಲಿ ಉಳೀತು. ಅಷ್ಟರಲ್ಲಿ ನಡೆಸೋ ಜವಾಬ್ದಾರಿ ಕ್ರಿಸ್ಟೋಫ್ ಅವರಿಂದ ಮಗ ಮಾಗ್ನುಸ್ ರಾಸಿ ಅವರಿಗೆ ಬಂದಿತ್ತು. ಎಲ್ಲರೂ ಮುದುಡಿ ಕೂತಿದ್ದಾಗ 2011ರಲ್ಲಿ ಇವರು 64 ಅಡಿ ದೋಣಿ ತಂದ್ರು, ಅಲ್ಲಿ ತನಕ ಇವರು ಕಟ್ಟಿದ್ದರಲ್ಲೇ ದೊಡ್ಡದು, 2012ಕ್ಕೆ 412 ಅನ್ನೋ ಮಾಡಲ್. ಆಮೇಲೆ 2016ರ 44 ಮಾಡಲಲ್ಲಿ ಎರಡು ಚುಕ್ಕಾಣಿ, ಅಂದ್ರೆ ನೀರೊಳಗಿರೋ ರಡ್ಡರ್, ಬಂದ್ವು, ಹಿಂಭಾಗ ಅಗಲ ಆದ ದೋಣಿ ವಾಲಿದಾಗ ಮಧ್ಯದ ಒಂದೇ ಚುಕ್ಕಾಣಿ ನೀರಿಂದ ಮೇಲೆ ಬಂದು ಹಿಡಿತ ಕಳ್ಕೊಳ್ಳುತ್ತೆ, ಎರಡಿದ್ರೆ ವಾಲಿದ ಕಡೇದು ಆಳದಲ್ಲೇ ಇರುತ್ತೆ. ಮಾಗ್ನುಸ್ ಸ್ವತಃ ಹಾಯಿ ಬಿಚ್ಚಿ ಹೋಗೋ ಮನುಷ್ಯ, ಅದು ಈ ದೋಣಿಗಳಲ್ಲಿ ಕಾಣುತ್ತೆ.

ಇಲ್ಲಿ ತನಕ 9,000ಕ್ಕೂ ಹೆಚ್ಚು ದೋಣಿ ಹೊರಗೆ ಹೋಗಿವೆ. ಹಳೇ ಮಾಡಲ್‌ಗಳ ಬಿಡಿಭಾಗ ಮಾರೋಕೆ ಎಲ್ಲೋಸ್‌ನಲ್ಲಿ ಇವರದ್ದೇ ಅಂಗಡಿ ಇದೆ. 1970ರ ದಶಕದ ದೋಣಿಯ ಕಿಟಕಿಗೆ ರಬ್ಬರ್ ಪಟ್ಟಿ ಬೇಕಾದವನು ಹೋಗಿ ಕೇಳೋಕೆ ಒಂದು ಜಾಗ ಇದೆ, ಅದೂ ಕಟ್ಟಿದವರ ಮನೆ ಬಾಗಿಲಲ್ಲೇ. ಕಂಪನಿ ಕೈ ಬದಲಾಯಿಸಿದಾಗ ಮೊದಲು ಕಸಕ್ಕೆ ಹೋಗೋದು ಇಂಥ ಹಳೇ ಅಚ್ಚು, ಹಳೇ ಡ್ರಾಯಿಂಗ್.

ಇಷ್ಟು ನನ್ನ ಮಾತು. ಪ್ರಶ್ನೆಗಳಿಗೆ ಬರ್ತೀನಿ.

ಒಬ್ಬರು ಕೇಳಿದ್ದು, ಸ್ವೀಡನ್‌ನಲ್ಲಿ ಇಂಥ ಕುಟುಂಬದ ಯಾರ್ಡ್ ಇದೊಂದೇನಾ ಅಂತ. ಅಲ್ಲ. ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ನೋರ್ಟೇಲಿಯೆ ಕಡೆ ರೋಸೆಟ್ರಾ ಅಂತ ಒಂದು ಯಾರ್ಡ್ ಇದೆ, 1886ರಿಂದ ಒಂದೇ ಮನೆತನದ್ದು, ಲಿನ್‌ಯೆಟ್ ಅನ್ನೋ ಹೆಸರಲ್ಲಿ ದೋಣಿ ಮಾಡ್ತಾರೆ. ಇವರಿಗಿಂತ ಹಳಬರು, ಗಾತ್ರದಲ್ಲಿ ತುಂಬ ಚಿಕ್ಕವರು, ಅವರ ಮೇಲೆ ಬೇರೆ ದಿನ ಮಾತಾಡೋಣ.

ಎಂಜಿನ್ ಯಾವುದು ಅಂತ ಒಬ್ಬರು, ಅವರು ವೋಲ್ವೋದವರೇ, ನಗ್ತಾ ಕೇಳಿದ್ರು. ವೋಲ್ವೋ ಪೆಂಟಾ, ಅದರ ಹೆಡ್ ಆಫೀಸು ಇದೇ ಊರಲ್ಲಿ, ನಿಮಗೇ ಗೊತ್ತಿರುತ್ತೆ.

ನಮ್ಮಂಥ ಸಂಬಳದವರು ಇಂಥ ದೋಣಿ ಕೊಳ್ಳೋಕೆ ಆಗುತ್ತಾ ಅಂತ ಇನ್ನೊಬ್ಬರು. ಹೊಸದು ಬೇಡ, ಅದರ ರೇಟು ಮನೆ ರೇಟು. ಹಳೇ ಮೊನ್ಸೂನ್ 31 ಅಥವಾ ರಾಸ್ಮುಸ್ ಈ ಕರಾವಳಿಯಲ್ಲಿ ಮಾರಾಟಕ್ಕೆ ಬರ್ತಾನೇ ಇರುತ್ತೆ, ನಾಲ್ಕು ಜನ ಸೇರಿ ತಗೊಳ್ಳೋರೂ ಇದ್ದಾರೆ. ಆದ್ರೆ ನೋಡೋಕೆ ಹೋದಾಗ ಮಹಾಗನಿ ಹೊಳಪಿಗೆ ಮರುಳಾಗಬೇಡಿ, ಮೊದಲು ಡೆಕ್ ನೋಡಿ. ಹಳೇ ದೋಣಿಗಳಲ್ಲಿ ತೇಗದ ಪಟ್ಟಿಗಳನ್ನ ರಾಶಿ ಸ್ಕ್ರೂ ಹಾಕಿ ಕೂರಿಸಿರ್ತಾರೆ, ತೇಗ ಸವೆದು ತೆಳ್ಳಗಾದಾಗ ಸ್ಕ್ರೂ ತಲೆ ಮೇಲಿನ ಮರದ ಬಿರಡೆ ಕಿತ್ತು ಬರುತ್ತೆ, ಆ ತೂತಿಂದ ನೀರು ಕೆಳಗಿನ ಪದರದ ಒಳಗೆ ಇಳಿಯುತ್ತೆ, ಡೆಕ್ ಮೆತ್ತಗಾಗುತ್ತೆ. ಬರಿಗಾಲಲ್ಲಿ ನಡೆದು ನೋಡಿ, ಎಲ್ಲಾದ್ರೂ ಒತ್ತಿದಂಗೆ ಆಗುತ್ತಾ ಅಂತ. ಆಮೇಲೆ ದೋಣಿನ ನೀರಿಂದ ಮೇಲೆತ್ತಿಸಿ ಅಡಿಯಲ್ಲಿ ಬೊಬ್ಬೆ ಎದ್ದಿದೆಯಾ ನೋಡಿ, ಫೈಬರ್‌ಗ್ಲಾಸ್ ನೀರು ಕುಡಿದ್ರೆ ಹಾಗಾಗುತ್ತೆ, ರಿಪೇರಿ ಆಗುತ್ತೆ ಆದ್ರೆ ಕಾಸು ಬೇಕು. ದೋಣಿ ಪರೀಕ್ಷೆ ಮಾಡೋ ಸರ್ವೇಯರ್ ಒಬ್ಬರನ್ನ ಕರ್ಕೊಂಡೇ ಹೋಗಿ, ಆ ಫೀಸು ಉಳಿಸೋಕೆ ನೋಡಬೇಡಿ. ಎಲ್ಲ ಸರಿ ಇದ್ರೆ ಏಪ್ರಿಲ್‌ನಲ್ಲಿ ನೀರಿಗಿಳಿಸಬಹುದು, ಹಾಯಿ ಕಟ್ಟೋಕೆ ಕೈ ಬೇಕಾದ್ರೆ ನನಗೆ ಹೇಳಿ, ನಾನು ಬರ್ತೀನಿ.